ಐದು ಒತ್ತು, ಒಂದು ಉತಾರ

ಮಾರ್ಚ್ ತಿಂಗಳಲ್ಲಿ ಕನಮಡಿಯ ಬಿಸಿಲು ಬೆಳಗಿನ ಒಂಬತ್ತಕ್ಕೇ ಚುರುಗುಟ್ಟುತ್ತದೆ. ಹಿಂಗಾರಿ ಜೋಳದ ರಾಶಿ ಮುಗಿದು ಹೊಲದ ಬದುವಿನಲ್ಲಿ, ಮನೆಗಳ ಹಿತ್ತಲಲ್ಲಿ ಕಣಕಿಯ ಬಣವಿಗಳು ಎದ್ದಿವೆ. ಜೋಳದ ರವದಿಯ ಪುಡಿ ಇನ್ನೂ ಗಾಳಿಯಲ್ಲಿದೆ. ಎರಿಮಣ್ಣಿನ ಧೂಳು ಅದರ ಜೊತೆಗೂಡಿದೆ. ದ್ರಾಕ್ಷಿ ತೋಟಗಳಲ್ಲಿ ಕೊಯ್ಲಿನ ಗಡಿಬಿಡಿ. ಪೊಟ್ಯಾಸಿಯಂ ಕಾರ್ಬೊನೇಟ್ ಕಲೆಸಿದ ನೀರಿನಲ್ಲಿ ಅದ್ದಿ ತೆಗೆದ ಗೊಂಚಲುಗಳನ್ನು ಹಸಿರು ಬಲೆ ಕಟ್ಟಿದ ಶೆಡ್ಡುಗಳಲ್ಲಿ ಅಂತಸ್ತು ಅಂತಸ್ತಾಗಿ ಹರವಿದ್ದಾರೆ. ಹದಿನೈದಿಪ್ಪತ್ತು ದಿನ ಕಳೆದರೆ ಅವು ಮಣೂಕವಾಗಿ ವಿಜಯಪುರಕ್ಕೋ, ಗಡಿಯಾಚೆಯ ತಾಸಗಾಂವಕ್ಕೋ ಗಾಡಿ ಹತ್ತುತ್ತವೆ.

ವಿಜಯಪುರದಿಂದ ಪಡುವಣಕ್ಕೆ ಹೊರಟರೆ ತೊರವಿ, ತಿಕೋಟಾ. ಅದರಾಚೆಯ ಸೀಮೆಯಲ್ಲಿ ಬಾಬಾನಗರ, ಬಿಜ್ಜರಗಿ, ಕನಮಡಿ. ಇನ್ನೂ ಮುಂದೆ ಹೋದರೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ಬೀಗತನ ಎರಡೂ ಕಡೆ. ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ವ್ಯಾಪಾರ ಮರಾಠಿಯಲ್ಲಿ ಮುಗಿಯುವುದುಂಟು. 2018ರಲ್ಲಿ ತಿಕೋಟಾ ತಾಲ್ಲೂಕಾಗುವವರೆಗೆ ಕಚೇರಿ ಕೆಲಸವೆಂದರೆ ವಿಜಯಪುರದ ಬಸ್ಸು ಹಿಡಿಯಬೇಕಿತ್ತು. ಈಗ ಅದರಲ್ಲಿ ಅರ್ಧ ಕೆಲಸ ಊರೊಳಗಿನ ಒಂದು ಖೋಲಿಯಲ್ಲೇ ಆಗಿಹೋಗುತ್ತದೆ.

ಮೇಲೆ ತಗಡು, ಮುಂದೆ ಶಟರ್, ಅದರ ನೆತ್ತಿಗೆ ಬಿಸಿಲಿಗೆ ಬಣ್ಣ ಬಿಟ್ಟ ಫ್ಲೆಕ್ಸ್. ಉತಾರ, ಝರಾಕ್ಸ್, ಕಲರ್ ಪ್ರಿಂಟ್, ಪ್ಯಾನ್ ಕಾರ್ಡ್, ಬೆಳೆ ವಿಮೆ, ಜಾತಿ-ಆದಾಯ, ಸ್ಕಾಲರ್‌ಶಿಪ್, ಪಾಸ್‌ಪೋರ್ಟ್ ಸೈಜ್ ಫೋಟೊ ಎಂದು ಒಂದರ ಕೆಳಗೊಂದು ಬರೆದಿದೆ. ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಬಸ್ಸು ನಿಲ್ಲುವ ಜಾಗದ ಆಸುಪಾಸು ಇಂಥದ್ದೊಂದು ಕಣ್ಣಿಗೆ ಬೀಳದ ಊರು ಕಡಿಮೆ. ಒಳಗಿನ ಟೇಬಲ್ಲಿನ ಮೇಲೆ ಮಾನಿಟರ್, ಕೀಬೋರ್ಡ್, ಮೌಸ್. ಪಕ್ಕಕ್ಕೆ ಪ್ರಿಂಟರ್, ಹೆಬ್ಬೆಟ್ಟು ಇಡುವ ಪುಟ್ಟ ಯಂತ್ರ. ಕಾಲ ಬಳಿ ಕಪ್ಪು ಕ್ಯಾಬಿನೆಟ್. ಅದರ ಹಿಂದೆ ಮೂಲೆಯಲ್ಲಿ ಯುಪಿಎಸ್. ಆ ಕ್ಯಾಬಿನೆಟ್ಟಿಗೆ ಊರವರೆಲ್ಲ ಸಿಪಿಯು ಅನ್ನುತ್ತಾರೆ. ನಿಜವಾದ ಸಿಪಿಯು, ಅಂದರೆ ಪ್ರೊಸೆಸರ್, ಅದರೊಳಗಿನ ಒಂದು ಚಿಪ್ಪು ಮಾತ್ರ. ಅದನ್ನು ಕಣ್ಣಾರೆ ಕಂಡವನು ಊರಲ್ಲಿ ಆಪರೇಟರ್ ಒಬ್ಬನೇ ಇರಬೇಕು.

ಧೋತರ, ಪಟಕಾ, ಕೈಯಲ್ಲೊಂದು ಕೋಲು, ಬಗಲಲ್ಲಿ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಆಧಾರ್ ಕಾರ್ಡು, ಪಾಸ್‌ಬುಕ್ಕು, ಮಡಿಕೆ ಹರಿದ ಹಳೆಯ ಕಾಗದಗಳು. ದಿನದ ಮೊದಲ ಗಿರಾಕಿ ಸ್ಟೂಲಿನ ಮೇಲೆ ಕೂತು ದಣಿವಾರಿಸಿಕೊಂಡು ಮಾತು ತೆಗೆದ.

“ತಮ್ಮಾ, ಉತಾರದಾಗ ಇನ್ನಾ ಜ್ವಾಳನ ತೋರಸಾಕತ್ತೈತಂತ. ದ್ರಾಕ್ಷಿ ಹಚ್ಚಿ ಮೂರ ವರ್ಷ ಆತು. ತಹಶೀಲ್ದಾರರಿಗೆ ಒಂದ ಅರ್ಜಿ ಬರದ ಕೊಡಪಾ.”

“ಹನ್ನೆರಡನೇ ಕಾಲಂ ತಿದ್ದಸ್ಬೇಕ್ರಿ ಮುತ್ಯಾ. ಹೊಸಾ ಉತಾರ ತಗಸೀರೇನು?”

“ಇಲ್ಲೋ. ಅದನ್ನೂ ತಗದ ಕೊಡು. ಹೆಂಗೂ ಈ ಡಬ್ಬಿಯೊಳಗನ ಐತೆಲ್ಲಾ?” ಮುತ್ಯಾ ಕೋಲಿನ ತುದಿಯಿಂದ ಕ್ಯಾಬಿನೆಟ್ಟನ್ನು ಮೆಲ್ಲಗೆ ತಟ್ಟಿದ.

ಬೇರೆಡೆ ಪಹಣಿ ಎನ್ನುವುದಕ್ಕೆ ಈ ಕಡೆ ಉತಾರವೆನ್ನುತ್ತಾರೆ. ಒಂಬತ್ತನೇ ಕಾಲಂನಲ್ಲಿ ಹೊಲ ಯಾರದೆಂದು, ಹನ್ನೊಂದರಲ್ಲಿ ಸಾಲ ಎಷ್ಟೆಂದು, ಹನ್ನೆರಡರಲ್ಲಿ ಬೆಳೆ ಯಾವುದೆಂದು ಇರುತ್ತದೆ. ಓದಲು ಬಾರದ ರೈತನಿಗೂ ಈ ಮೂರು ಅಂಕಿ ಬಾಯಿಪಾಠ. ಹೊಲದಲ್ಲಿ ದ್ರಾಕ್ಷಿ ಇದ್ದು ಉತಾರದಲ್ಲಿ ಜೋಳ ಇದ್ದರೆ ವಿಮೆಯ ಲೆಕ್ಕವೂ ಸಾಲದ ಲೆಕ್ಕವೂ ತಪ್ಪುತ್ತದೆ. ಹಾಗಾಗಿ ಮುತ್ಯಾನಿಗೆ ಇವತ್ತು ಎರಡು ಹಾಳೆ ಬೇಕು. ಆ ಎರಡು ಹಾಳೆಗಾಗಿ ಡಬ್ಬಿಯ ಒಳಗೂ ಹೊರಗೂ ಇರುವ ಭಾಗಗಳೆಲ್ಲ ಒಂದೊಂದು ಸಲ ದುಡಿಯಬೇಕು.

ಆಪರೇಟರ್ ‘ನುಡಿ’ ಚಾಲೂ ಮಾಡಿ ವಿಳಾಸ ಹೊಡೆಯತೊಡಗಿದ: ಸಾ. ಕನಮಡಿ, ತಾ. ತಿಕೋಟಾ, ಜಿ. ವಿಜಯಪುರ. ಊರ ಹೆಸರಿಗೆ ಐದು ಒತ್ತು ಸಾಕು: ಕೆ, ಎನ್, ಎಂ, ಡಬ್ಲ್ಯೂ, ಐ. ಕೀಲಿಗಳ ಅಡಿಯಲ್ಲಿ ರಬ್ಬರಿನ ಗುಬ್ಬಿಗಳಿವೆ, ಅವುಗಳ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆಗಳ ಮೇಲೆ ವಿದ್ಯುತ್ತು ಹರಿಯುವ ಅಡ್ಡಗೆರೆ, ಉದ್ದಗೆರೆಗಳು. ಕೀಲಿ ಒತ್ತಿದಾಗ ಒಂದು ಅಡ್ಡಗೆರೆ ಒಂದು ಉದ್ದಗೆರೆಯನ್ನು ಮುಟ್ಟುತ್ತದೆ. ಎಲ್ಲಿ ಮುಟ್ಟಿತೆಂದು ಕೀಬೋರ್ಡಿನೊಳಗಿನ ಸಣ್ಣ ಚಿಪ್ಪು ಗುರುತಿಸಿ, ಆ ಜಾಗದ ಸಂಖ್ಯೆಯನ್ನು ವೈರಿನಲ್ಲಿ ಕಳಿಸುತ್ತದೆ. ಯುಎಸ್‌ಬಿ ಕೀಬೋರ್ಡಿನಲ್ಲಿ ಕೆ ಎಂದರೆ 14. ಉಳಿದವು 17, 16, 26, 12. ಕೀಬೋರ್ಡಿನ ಪಾಲಿಗೆ ಕನಮಡಿ ಎಂದರೆ ಇಷ್ಟೇ. ಅದಕ್ಕೆ ಕನ್ನಡವೂ ತಿಳಿಯದು, ಇಂಗ್ಲಿಷೂ ತಿಳಿಯದು.

ಈ ಸಂಖ್ಯೆಗಳಿಗೆ ಕನ್ನಡ ಕಲಿಸಿದ ಕೆಲಸಕ್ಕೆ ಒಂದು ಚರಿತ್ರೆಯಿದೆ. ಅನಂತ ಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಗಳನ್ನು ಜೋಡಿಸಿದಾಗ ಅಕ್ಷರದ ತುಣುಕುಗಳನ್ನೇ ಕೀಲಿಗಳಿಗೆ ಹಂಚಬೇಕಾಗಿತ್ತು: ತಲೆಕಟ್ಟು ಬೇರೆ, ಗುಡಿಸು ಬೇರೆ, ಒತ್ತು ಬೇರೆ. ಕಂಪ್ಯೂಟರಿನ ಕಾಲಕ್ಕೆ ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ.ಪಿ. ರಾವ್, ಆ ತುಣುಕುಗಳನ್ನು ಬಿಟ್ಟು ಉಚ್ಚಾರಣೆಯ ಜಾಡು ಹಿಡಿದರು. ಬಾಯಲ್ಲಿ ಯಾವ ಕ್ರಮದಲ್ಲಿ ಧ್ವನಿ ಹೊರಡುತ್ತದೋ ಅದೇ ಕ್ರಮದಲ್ಲಿ ಬೆರಳು ಓಡಿದರೆ ಸಾಕು, ಅಕ್ಷರ ಕಟ್ಟುವ ಹೊಣೆ ಯಂತ್ರದ್ದು. ಒತ್ತಕ್ಷರ ಬಂದಲ್ಲಿ ನಡುವೆ ಎಫ್ ಕೀಲಿ. ದ್ರಾಕ್ಷಿ ಎಂದು ಹೊಡೆಯಲು ಎಂಟು ಒತ್ತು, ಅದರಲ್ಲಿ ಎರಡು ಎಫ್. ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನೇ ಪ್ರಮಾಣಿತವೆಂದು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಅದು ಕಚೇರಿ ಕಚೇರಿಗೂ ಹೋಯಿತು. ಕೀಲಿಗಳ ಮೇಲೆ ಕನ್ನಡದ ಒಂದು ಅಕ್ಷರವೂ ಅಚ್ಚಾಗಿಲ್ಲ. ಆಪರೇಟರನ ಕಣ್ಣು ಕೀಬೋರ್ಡಿನ ಕಡೆ ಇಳಿಯುವುದೂ ಇಲ್ಲ.

ಹದಿನಾಲ್ಕು ಎಂಬ ಸಂಖ್ಯೆ ಪ್ರೊಸೆಸರ್ ಮುಟ್ಟಿದ ಮೇಲೆ ಅದು ‘ಕ’ ಆಗುತ್ತದೆ, ಅಲ್ಲೂ ಸಂಖ್ಯೆಯಾಗಿಯೇ. ಲೋಕದ ಲಿಪಿಗಳಿಗೆಲ್ಲ ಅಂಕಿ ಹಂಚಿದ ಯುನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ ಶುರುವಾಗುವ ಸಾಲನ್ನು ಮೀಸಲಿಟ್ಟಿತು. ಅದರಲ್ಲಿ ಕ 3221, ನ 3240, ಮ 3246, ಡ 3233, ಗುಡಿಸು 3263. ಮುತ್ಯಾನ ಊರು ಈಗ ಈ ಐದು ಅಂಕಿ. ‘ಡ’ಗೆ ಗುಡಿಸು ಹಚ್ಚಿ ‘ಡಿ’ ಎಂದು ತೋರಿಸುವುದು ಫಾಂಟಿನ ಕೆಲಸ. ಯುನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ ಕಡತಗಳನ್ನು, ಆ ಫಾಂಟು ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಕಾಣಿಸುತ್ತಿತ್ತು. ಅಂಥ ಕಡತ ಪೆನ್‌ಡ್ರೈವಿನಲ್ಲಿ ತಂದವರ ಜೊತೆ ಆಪರೇಟರುಗಳಿಗೆ ವಾದ ಮಾಡುವುದೇ ಒಂದು ಕೆಲಸವಾಗಿತ್ತು.

ಪ್ರೊಸೆಸರ್ ಬದಿಗೆ ನಾಲ್ಕು ಸೆಂಟಿಮೀಟರಿಗಿಂತ ಕಡಿಮೆಯ ಒಂದು ಚೌಕ. ಅದಕ್ಕೆ ಬರುವುದು ಬೆರಳೆಣಿಕೆಯ ಕೆಲಸ: ಕೂಡುವುದು, ಕಳೆಯುವುದು, ಎರಡನ್ನು ಹೋಲಿಸುವುದು, ಇಲ್ಲಿಂದ ತೆಗೆದು ಅಲ್ಲಿಡುವುದು. ಅದರ ದೊಡ್ಡಸ್ತಿಕೆ ವೇಗದಲ್ಲಿದೆ. 3 ಗಿಗಾಹರ್ಟ್ಸ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಸೆಕೆಂಡಿಗೆ 300 ಕೋಟಿ ತಾಳಕ್ಕೆ ಅದು ಹೆಜ್ಜೆ ಹಾಕುತ್ತದೆ ಎಂದರ್ಥ. 1971ರಲ್ಲಿ ಇಂಟೆಲ್ ಹೊರತಂದ 4004 ಎಂಬ ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು. ಇಂದಿನ ಮೇಜುಗಣಕದ ಚಿಪ್ಪಿನಲ್ಲಿ ಅವು ನೂರು ಕೋಟಿ ಮೀರಿವೆ. ಇಷ್ಟು ಓಟಕ್ಕೆ ಶಾಖ ತಪ್ಪಿದ್ದಲ್ಲ. ಅದಕ್ಕೇ ಚಿಪ್ಪಿನ ನೆತ್ತಿಯ ಮೇಲೆ ಅಲ್ಯೂಮಿನಿಯಂ ಪಟ್ಟಿಗಳ ಹೀಟ್‌ಸಿಂಕ್, ಅದರ ಮೇಲೊಂದು ಫ್ಯಾನು. ಹೊರಗಿನ ಬಿಸಿಲು 40 ಡಿಗ್ರಿ ದಾಟುವ ನಾಡಿನಲ್ಲಿ ಒಳಗಿನ ಫ್ಯಾನು ನಿಂತರೆ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ಮೊದಲು ಓಟ ತಗ್ಗಿಸುತ್ತದೆ, ಆಮೇಲೆ ಯಂತ್ರವನ್ನೇ ಬಂದ್ ಮಾಡುತ್ತದೆ.

ಅರ್ಜಿ ಅರ್ಧ ಆಗಿತ್ತು. ಪಕ್ಕದ ಹಿಟ್ಟಿನ ಗಿರಣಿಯ ಸದ್ದು ಗಕ್ಕನೆ ನಿಂತಿತು. ಮೇಲಿನ ಫ್ಯಾನು ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು.

“ಕರೆಂಟ್ ಹೋತ್ನೋಡ! ಬರದದ್ದೆಲ್ಲಾ ಹೋತೇನು?” ಮುತ್ಯಾ ಎದ್ದು ನಿಂತ.

“ಎಲ್ಲೂ ಹೋಗಿಲ್ಲ, ಕುಂದರ್ರಿ ಮುತ್ಯಾ.” ಆಪರೇಟರನ ಎಡಗೈ ಆಗಲೇ ಕಂಟ್ರೋಲ್ ಮತ್ತು ಎಸ್ ಕೀಲಿಗಳ ಮೇಲಿತ್ತು. ಮೂಲೆಯ ಯುಪಿಎಸ್ ಪೀಂ, ಪೀಂ ಎನ್ನುತ್ತಿತ್ತು.

ಮುತ್ಯಾನ ದಿಗಿಲು ಸುಳ್ಳಲ್ಲ. ಹೊಡೆದ ಅಕ್ಷರಗಳು ಆ ಗಳಿಗೆಯವರೆಗೆ ಇದ್ದದ್ದು ರ‍್ಯಾಮಿನಲ್ಲಿ. ಬೆರಳುದ್ದ ಮೀರಿದ ಹಸಿರು ಪಟ್ಟಿ, ಅದರ ಮೇಲೆ ಸಾಲಾಗಿ ಕಪ್ಪು ಚಿಪ್ಪುಗಳು. ಪ್ರೊಸೆಸರಿಗೆ ಕೈಗೆಟಕುವಷ್ಟು ಹತ್ತಿರ ಸರಕು ಬೇಕು. ಈಗ ನಡೆದಿರುವ ಕೆಲಸದ ಕಾಗದವೆಲ್ಲ ಇಲ್ಲೇ ಹರವಿರುತ್ತದೆ. ಪ್ರತಿಯೊಂದು ಬಿಟ್ಟಿಗೆ ಒಂದು ಟ್ರಾನ್ಸಿಸ್ಟರು, ಒಂದು ಅತಿ ಚಿಕ್ಕ ಕೆಪ್ಯಾಸಿಟರು. ಕೆಪ್ಯಾಸಿಟರಿನಲ್ಲಿ ವಿದ್ಯುತ್ತು ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಆ ವಿದ್ಯುತ್ತು ತಾನಾಗಿಯೇ ಸೋರಿಹೋಗುವುದರಿಂದ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಇಡೀ ಪಟ್ಟಿಯನ್ನು ಓದಿ ಮತ್ತೆ ತುಂಬಬೇಕು. ತುಂಬುವ ಕೈ ನಿಂತರೆ ಅರ್ಜಿಯೂ ಇಲ್ಲ, ಕನಮಡಿಯೂ ಇಲ್ಲ. 1981ರ ಆಗಸ್ಟ್ 12ರಂದು ಐಬಿಎಂ ಕಂಪನಿ ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿದಾಗ ಅದರ ಕನಿಷ್ಠ ಮೆಮೊರಿ 16 ಕಿಲೊಬೈಟ್. ಈ ಖೋಲಿಯಲ್ಲಿರುವುದು 8 ಜಿಬಿ, ಅದರ ಐದು ಲಕ್ಷ ಪಟ್ಟು. ಆದರೆ ಕರೆಂಟು ಹೋದರೆ ಮರೆಯುವ ಗುಣ ಮಾತ್ರ ಎರಡಕ್ಕೂ ಒಂದೇ.

ಆ ಮರೆವಿಗೆ ಅಡ್ಡ ನಿಂತದ್ದು ಯುಪಿಎಸ್. ಅದರ ಹೊಟ್ಟೆಯಲ್ಲಿ 12 ವೋಲ್ಟಿನ ಸೀಸದ ಬ್ಯಾಟರಿ. ಗೋಡೆಯ ಕರೆಂಟು ನಿಂತ ಕೆಲವೇ ಮಿಲಿಸೆಕೆಂಡುಗಳಲ್ಲಿ ಅದು ತನ್ನ ಬ್ಯಾಟರಿಯ ಶಕ್ತಿಯನ್ನು ಎಸಿ ಮಾಡಿ ಕ್ಯಾಬಿನೆಟ್ಟಿಗೆ ಕೊಡುತ್ತದೆ. ಹೆಚ್ಚು ಹೊತ್ತಿಲ್ಲ, ಬ್ಯಾಟರಿ ಹೊಸದಿದ್ದರೆ ಹತ್ತು-ಹದಿನೈದು ನಿಮಿಷ. ಬೆಂಗಳೂರಿನ ಮನೆಯಲ್ಲಿ ಕಂಪ್ಯೂಟರ್ ಕೊಳ್ಳುವವರು ಯುಪಿಎಸ್ಸನ್ನು ಕೊನೆಗೆ ನೆನೆಯುತ್ತಾರೆ, ಕೆಲವರು ನೆನೆಯುವುದೇ ಇಲ್ಲ. ಇಲ್ಲಿ ಅದಿಲ್ಲದೆ ಶಟರ್ ಎತ್ತುವಂತಿಲ್ಲ. ಸೆಕೆ ಹೆಚ್ಚಿದಷ್ಟೂ ಈ ಬ್ಯಾಟರಿಯ ಆಯುಸ್ಸು ಕಡಿಮೆ. ಎರಡು-ಮೂರು ಬೇಸಿಗೆಗೆ ಒಮ್ಮೆ ಬದಲಿಸುವುದು ಇಂಥ ಅಂಗಡಿಯ ಖರ್ಚಿನ ಪಟ್ಟಿಯಲ್ಲಿ ಖಾಯಂ.

ಮುತ್ಯಾನ ಅರ್ಜಿ ಉಳಿದದ್ದು ಎಸ್‌ಎಸ್‌ಡಿಯಲ್ಲಿ. ಇದಕ್ಕೂ ಮುಂಚೆ ಅಲ್ಲಿ ಹಾರ್ಡ್ ಡಿಸ್ಕ್ ಇತ್ತು: ಅಂಗೈಯಗಲದ ಲೋಹದ ಪೆಟ್ಟಿಗೆ, ಒಳಗೆ ನಿಮಿಷಕ್ಕೆ 7,200 ಸುತ್ತು ತಿರುಗುವ ಹೊಳೆಹೊಳೆವ ತಟ್ಟೆ, ಅದರ ಮೇಲೆ ಮುಟ್ಟಿಯೂ ಮುಟ್ಟದೆ ಹಾರುವ ಓದುತಲೆ. ಎರಡರ ನಡುವಿನ ಅಂತರ ಕೆಲವೇ ನ್ಯಾನೊಮೀಟರು. ಒಂದು ಧೂಳಿನ ಕಣ ಅದಕ್ಕಿಂತ ಎಷ್ಟೋ ಪಾಲು ದಪ್ಪ. ಅದಕ್ಕೇ ಆ ಪೆಟ್ಟಿಗೆ ಬಿಗಿಯಾಗಿ ಮುಚ್ಚಿರುತ್ತದೆ. ಕರೆಂಟು ಹೋಗಿ ಬಂದು ಮಾಡಿದಾಗಲೆಲ್ಲ ತಟ್ಟೆ ನಿಂತು, ಮತ್ತೆ ತಿರುಗಿ, ಒಂದು ದಿನ ಟಕ್ ಟಕ್ ಎನ್ನತೊಡಗಿತೆಂದರೆ ಅದರೊಳಗಿನ ಫೋಟೊ, ಅರ್ಜಿ, ಲಗ್ನಪತ್ರಿಕೆಗಳ ಆಸೆ ಬಿಡಬೇಕು. ಎಸ್‌ಎಸ್‌ಡಿಯಲ್ಲಿ ಅಲುಗಾಡುವ ಭಾಗವೇ ಇಲ್ಲ. ಫ್ಲಾಶ್ ಚಿಪ್ಪುಗಳಲ್ಲಿ ವಿದ್ಯುದಂಶವನ್ನು ಬಂಧಿಸಿಡುತ್ತದೆ. ಕರೆಂಟು ಹೋದರೂ ಅದು ಅಲ್ಲೇ ಇರುತ್ತದೆ. ಯಂತ್ರ ಚಾಲೂ ಆಗಲು ಮುಂಚೆ ಒಂದು ಚಹಾ ಕುಡಿದು ಬರುವಷ್ಟು ಹೊತ್ತು ಹಿಡಿಯುತ್ತಿತ್ತು, ಈಗ ಚಹಾ ತರಿಸುವುದರೊಳಗೆ ಪರದೆ ಬೆಳಗುತ್ತದೆ.

ಯುನಿಕೋಡಿನಲ್ಲಿ ಉಳಿಸಿದರೆ ಕನಮಡಿ ಎಂಬ ಹೆಸರು ಹಿಡಿಯುವ ಜಾಗ 15 ಬೈಟ್. 500 ಜಿಬಿಯ ಡಿಸ್ಕಿನಲ್ಲಿ ಊರ ಹೆಸರನ್ನು 3,300 ಕೋಟಿ ಸಲ ಬರೆದಿಡಬಹುದು. 1956ರಲ್ಲಿ ಐಬಿಎಂ ತಯಾರಿಸಿದ ಮೊದಲ ಡಿಸ್ಕ್ ಯಂತ್ರದಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳಿದ್ದವು, ತೂಕ ಹೆಚ್ಚುಕಡಿಮೆ ಒಂದು ಟನ್; ಹಿಡಿಯುತ್ತಿದ್ದದ್ದು 5 ಎಂಬಿ ಆಸುಪಾಸು. ಇಂದು ಮೊಬೈಲಿನಲ್ಲಿ ತೆಗೆದ ಎರಡು ಫೋಟೊ ಅದನ್ನು ತುಂಬಿಬಿಡುತ್ತವೆ.

ಕಾಲು ಗಂಟೆಯೊಳಗೆ ಕರೆಂಟು ಬಂತು. ಗಿರಣಿ ಗುಡುಗಿತು, ಬಲ್ಬು ಒಮ್ಮೆ ಭಗ್ಗೆಂದು ಬೆಳಗಿ ಹದಕ್ಕೆ ಬಂತು. ಆ ಭಗ್ಗೆಂಬ ಪೆಟ್ಟು ಯುಪಿಎಸ್ ದಾಟಿ ಬಂದರೆ ಅದನ್ನು ತಿನ್ನುವುದು ಎಸ್‌ಎಂಪಿಎಸ್. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ, ಜಾಳಿಗೆಯ ಹಿಂದೆ ಫ್ಯಾನು ತಿರುಗುವ ತಗಡಿನ ಪೆಟ್ಟಿಗೆ. ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಅದು 12, 5 ಮತ್ತು 3.3 ವೋಲ್ಟಿನ ಡಿಸಿಯಾಗಿ ಒಡೆದು, ಹಳದಿ, ಕೆಂಪು, ಕಿತ್ತಳೆ ವೈರುಗಳಲ್ಲಿ ಹಂಚುತ್ತದೆ. ಒಳಗಿನ ಸೂಕ್ಷ್ಮ ಚಿಪ್ಪುಗಳಿಗೂ ಹೊರಗಿನ ಕಂಬಕ್ಕೂ ನಡುವೆ ನಿಂತ ಕಾವಲುಗಾರ ಇದೇ. ಮೇ ತಿಂಗಳ ಗುಡುಗು-ಮಿಂಚಿನ ಮಳೆಯಲ್ಲಿ ಮೊದಲು ಬಲಿಯಾಗುವುದೂ ಇದೇ. ಹಾಗಾಗಿ ಮೋಡ ಕಟ್ಟಿದರೆ ಆಪರೇಟರ್ ಮಾತಿಲ್ಲದೆ ಪ್ಲಗ್ಗು ಕೀಳುತ್ತಾನೆ, ಇಂಟರ್ನೆಟ್ಟಿನ ವೈರನ್ನೂ ಕೀಳುತ್ತಾನೆ.

ಅರ್ಜಿ ಮುಗಿಯಿತು. ಇನ್ನು ಉತಾರ. ಈಗ ಕೈ ಕೀಬೋರ್ಡು ಬಿಟ್ಟು ಮೌಸಿಗೆ ಹೋಯಿತು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಲ್ಲವನ್ನೂ ಇಳಿಯುವ ಪಟ್ಟಿಯಿಂದ ಆರಿಸಿದರೆ ಸಾಕು, ಹೊಡೆಯಬೇಕಿಲ್ಲ. ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರಿನಲ್ಲಿ ಸ್ಯಾನ್‌ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ ಮೌಸನ್ನು ಆಡಿಸಿ ತೋರಿಸಿದ. ಆಮೇಲೆ ಬಹುಕಾಲ ಇದರ ಹೊಟ್ಟೆಯಲ್ಲಿ ರಬ್ಬರಿನ ಚೆಂಡಿತ್ತು. ಧೂಳಿನ ಊರುಗಳಲ್ಲಿ ಅದನ್ನು ತೆಗೆದು, ಒಳಗಿನ ಉರುಳೆಗೆ ಮೆತ್ತಿದ ಕರಿಯನ್ನು ಉಗುರಿನಿಂದ ಕೆರೆಯುವುದು ದಿನದ ಕೆಲಸವಾಗಿತ್ತು. ಈಗಿನದರಲ್ಲಿ ಪುಟ್ಟ ದೀಪ, ಪುಟ್ಟ ಕ್ಯಾಮೆರಾ. ಕೆಳಗಿನ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಆದ ಸರಿದಾಟ ನೋಡಿ ಬಾಣವನ್ನು ಸರಿಸುತ್ತದೆ. ನುಣುಪು ಗಾಜಿನ ಮೇಲೆ ಗುರುತಿಸಲು ಏನೂ ಸಿಗದೆ ಒದ್ದಾಡುತ್ತದೆ. ಅದಕ್ಕೇ ಗಾಜಿನ ಟೇಬಲ್ಲಿನ ಮೇಲೊಂದು ಹಳೆಯ ಕ್ಯಾಲೆಂಡರಿನ ರಟ್ಟು.

ಸರ್ವೇ ನಂಬರು, ಹಿಸ್ಸಾ ನಂಬರು ಕೊಟ್ಟು ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು.

“ಇದ್ಯಾಕೋ, ಡಬ್ಬಿಯೊಳಗ ಇದ್ದದ್ದು ತಗ್ಯಾಕ ಇಷ್ಟ ಹೊತ್ತು?”

“ಡಬ್ಬಿಯೊಳಗ ನಿಮ್ಮ ಅರ್ಜಿ ಅಷ್ಟ ಐತ್ರಿ ಮುತ್ಯಾ. ಉತಾರ ಬೆಂಗಳೂರಾಗ ಐತಿ. ಅಲ್ಲಿಂದ ಬರಬೇಕದು.”

ಮುತ್ಯಾ ಒಪ್ಪದವನಂತೆ ಕ್ಯಾಬಿನೆಟ್ಟನ್ನು ನೋಡಿದ. ಅವನ ಮಟ್ಟಿಗೆ ಉತಾರವೆಂದರೆ ತಲಾಠಿಯ ದಪ್ತರಿನಲ್ಲಿ ಇರುವ ವಸ್ತು. ತಲಾಠಿ ಸಿಕ್ಕಿದರೆ ಸಿಕ್ಕಿತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಶುರುವಾದಾಗ ರಾಜ್ಯದ ಊರೂರಿನ ಕೈಬರಹದ ಪುಸ್ತಕಗಳಿಂದ ಎರಡು ಕೋಟಿಯಷ್ಟು ದಾಖಲೆಗಳನ್ನು, 67 ಲಕ್ಷ ರೈತರ ಹೊಲಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದರು. ಮೊದಲು ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿಗೆ ಪ್ರತಿ ಸಿಗುತ್ತಿತ್ತು. ಕೈಬರಹದ ಪ್ರತಿ ನಡೆಯದಾಯಿತು. ಆಮೇಲೆ ಹೋಬಳಿಗೊಂದು ನಾಡಕಚೇರಿ, 2022ರಿಂದ ಗ್ರಾಮ ಒನ್, ಈಗ ಇಂಥ ಖೋಲಿ. ಕನಮಡಿಯ ಹೊಲದ ದಾಖಲೆ ಬೆಂಗಳೂರಿನ ಸರ್ವರಿನಲ್ಲಿ ಕೂತಿದೆ. ಅದೂ ಇಂಥದ್ದೇ ಯಂತ್ರ: ಅದಕ್ಕೂ ಪ್ರೊಸೆಸರ್, ರ‍್ಯಾಮು, ಡಿಸ್ಕು. ಎಲ್ಲವೂ ಹಲವು ಪಟ್ಟು ಹೆಚ್ಚು. ಮಾನಿಟರ್, ಮೌಸಿನ ಗೊಡವೆ ಮಾತ್ರ ಇಲ್ಲ. ಗೋಡೆಗೆ ಸಿಕ್ಕಿಸಿದ ರೌಟರ್ ಎಂಬ ಬಿಳಿ ಡಬ್ಬಿಯ ಹಸಿರು ದೀಪ ಮಿನುಗುತ್ತಿರುವವರೆಗೆ ಈ ಖೋಲಿಗೂ ಅದಕ್ಕೂ ಮಾತುಕತೆ ಉಂಟು. ಅಲ್ಲಿ ಜನ ಹೆಚ್ಚಾದರೆ “ಸರ್ವರ್ ಬಿಜಿ ಐತ್ರಿ” ಎಂಬ ಮಾತು ಇಲ್ಲಿ ಹುಟ್ಟುತ್ತದೆ. ಊರ ಹೆಂಗಸರೂ ಈಗ ಇದನ್ನು ಸಲೀಸಾಗಿ ಆಡುತ್ತಾರೆ. ರೇಷನ್ ಅಂಗಡಿಯಲ್ಲಿ ಕಲಿತದ್ದು.

ಉತಾರ ಬಂತು. ಮಾನಿಟರಿನ ಪರದೆಯಲ್ಲಿ ಅಡ್ಡಕ್ಕೆ 1,366, ಉದ್ದಕ್ಕೆ 768 ಚುಕ್ಕಿ. ಒಟ್ಟು ಹತ್ತು ಲಕ್ಷ ಮೀರಿದ ಚುಕ್ಕಿಗಳು. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಎಂಬ ಮೂರು ಕಿಂಡಿ. ಹಿಂದಿನ ಬೆಳಕನ್ನು ದ್ರವಸ್ಫಟಿಕ ಎಷ್ಟು ಬಿಡುತ್ತದೋ ಅಷ್ಟು ಬಣ್ಣ. ಸೆಕೆಂಡಿಗೆ 60 ಸಲ ಇಡೀ ಪರದೆ ಹೊಸದಾಗಿ ಮೂಡುತ್ತದೆ. ಹಿಂದೆ ಈ ಟೇಬಲ್ಲಿನ ಅರ್ಧವನ್ನು ನುಂಗುತ್ತಿದ್ದ ಗೂನುಬೆನ್ನಿನ ಮಾನಿಟರುಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಮುತ್ಯಾ ಕಣ್ಣು ಕಿರಿದು ಮಾಡಿ ತನ್ನ ಹೆಸರು ಹುಡುಕಿದ. ಹನ್ನೆರಡನೇ ಕಾಲಂನಲ್ಲಿ ಜೋಳವೇ ಇತ್ತು.

ಎರಡೂ ಹಾಳೆ ಪ್ರಿಂಟರಿನ ಬಾಯಿಂದ ಬಿಸಿಬಿಸಿಯಾಗಿ ಹೊರಬಂದವು. ಲೇಸರ್ ಪ್ರಿಂಟರಿನೊಳಗೆ ಒಂದು ಉರುಳೆ; ಅಕ್ಷರದ ಆಕಾರದಲ್ಲಿ ಬೆಳಕು ಬಿದ್ದಲ್ಲಿ ಅದರ ವಿದ್ಯುದಂಶ ಬದಲಾಗುತ್ತದೆ, ಅಲ್ಲಿ ಟೋನರಿನ ಕರಿಪುಡಿ ಅಂಟುತ್ತದೆ, ಕಾಗದಕ್ಕೆ ದಾಟುತ್ತದೆ, ಆಮೇಲೆ 200 ಡಿಗ್ರಿ ಆಸುಪಾಸಿನ ಬಿಸಿ ಉರುಳೆಯಡಿ ಕರಗಿ ಕಚ್ಚಿಕೊಳ್ಳುತ್ತದೆ. ಹಾಳೆ ಬೆಚ್ಚಗಿರುವುದು ಅದರಿಂದ. ಇದೇ ಜಿಲ್ಲೆಯಲ್ಲಿ ಫ.ಗು. ಹಳಕಟ್ಟಿಯವರು 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದು, ವಚನಗಳನ್ನು ಸೀಸದ ಮೊಳೆಗಳಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಅಚ್ಚು ಹಾಕಿಸಿದರು. ಒಂದು ಪುಟ ಕಟ್ಟಲು ಮೊಳೆ ಜೋಡಿಸುವವನಿಗೆ ಗಂಟೆಗಟ್ಟಲೆ ಬೇಕಿತ್ತು. ಪುಟ ಮುಗಿದರೆ ಮೊಳೆಗಳನ್ನು ಬಿಚ್ಚಿ ಮತ್ತೆ ಗೂಡಿಗೆ ಹಾಕಬೇಕಿತ್ತು. ಇಲ್ಲಿ ಮೊಳೆಯೇ ಇಲ್ಲ, ಐದು ಅಂಕಿ ಐದು ಅಕ್ಷರಭಾಗವಾಗಿ ಹಾಳೆಗಿಳಿದವು.

ಮುತ್ಯಾ ಎದ್ದ ಜಾಗಕ್ಕೆ ತೋಟದ ಕೂಲಿಯ ಅಕ್ಕನೊಬ್ಬಳು ಬಂದು ಹೆಬ್ಬೆಟ್ಟಿನ ಯಂತ್ರದ ಮೇಲೆ ಬೆರಳಿಟ್ಟಳು. ಮೂರು ಸಲವೂ ಕೆಂಪು. ಗೊಂಚಲು ಕತ್ತರಿಸಿ, ಔಷಧದ ನೀರಿನಲ್ಲಿ ಅದ್ದಿ, ಬೆರಳಿನ ಗೆರೆಗಳು ಸವೆದಿವೆ. ಯಂತ್ರ ಹುಡುಕುವುದು ಆ ಗೆರೆಗಳು ಎಲ್ಲಿ ಕವಲೊಡೆಯುತ್ತವೆ, ಎಲ್ಲಿ ಮುಗಿಯುತ್ತವೆ ಎಂಬುದನ್ನು. ಆಪರೇಟರ್ ಹಸಿಬಟ್ಟೆ ಕೊಟ್ಟು, “ಅಕ್ಕಾ, ಒರೆಸಿ ಉಂಗುರ ಬೆರಳ ಇಡ್ರಿ” ಅಂದ. ನಾಲ್ಕನೆಯದಕ್ಕೆ ಹಸಿರು ಬಂತು. ದುಡಿದ ಕೈಗಳೇ ಈ ಯಂತ್ರಕ್ಕೆ ಕಷ್ಟ ಕೊಡುತ್ತವೆ.

ಮಧ್ಯಾಹ್ನ ಎರಡರ ಮೇಲೆ ಗಿರಾಕಿ ಇಲ್ಲ. ಆಪರೇಟರ್ ಶಟರ್ ಅರ್ಧ ಇಳಿಸಿ, ಪ್ಲಗ್ಗು ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಕಳಚಿದ. ಬ್ಲೋವರಿನ ಒಂದು ಊದಿಗೆ ಎರಿಮಣ್ಣಿನ ಧೂಳು, ರವದಿಯ ಪುಡಿ ಮೋಡವಾಗಿ ಎದ್ದು ಬಾಗಿಲಿಗೆ ಹೋಯಿತು. ಧೂಳಿಳಿದ ಮೇಲೆ ಕಂಡದ್ದು ಮದರ್‌ಬೋರ್ಡು: ಮೇಲಿನಿಂದ ನೋಡಿದ ಒಂದು ಊರಿನ ನಕಾಶೆ, ಓಣಿಗಳೆಲ್ಲ ತಾಮ್ರದ್ದು. ಪ್ರೊಸೆಸರಿನಿಂದ ರ‍್ಯಾಮಿಗೆ, ರ‍್ಯಾಮಿನಿಂದ ಡಿಸ್ಕಿಗೆ, ಡಿಸ್ಕಿನಿಂದ ಹಿಂಬದಿಯ ತೂತುಗಳಿಗೆ. ಬೆಳಗಿನಿಂದ ಓಡಾಡಿದ ಪ್ರತಿ ಅಂಕಿಯೂ ಈ ಗೆರೆಗಳಲ್ಲೇ ಓಡಾಡಿದ್ದು. ಮಿಕ್ಕ ಭಾಗಗಳನ್ನು ಒಂದಕ್ಕೊಂದು ಮುಟ್ಟಿಸುವುದೇ ಈ ಹಲಗೆಯ ಕೆಲಸ.

ಹಲಗೆಯ ಮೂಲೆಯಲ್ಲೊಂದು ನಾಣ್ಯದಗಲದ ಬ್ಯಾಟರಿ, 3 ವೋಲ್ಟಿನದು. ಯಂತ್ರ ಬಂದ್ ಆಗಿದ್ದಾಗಲೂ ತಾರೀಖು-ವೇಳೆ ಎಣಿಸುವ ಗಡಿಯಾರ ಇದರ ಬಲದ ಮೇಲೆ ನಡೆಯುತ್ತದೆ. ಸೆಕೆಂಡಿಗೆ 32,768 ಸಲ ಮಿಡಿಯುವ ಹರಳು ಅದರ ಲೋಲಕ. ಇದು ಬತ್ತಿದರೆ ಯಂತ್ರ ಬೆಳಗ್ಗೆ ಎದ್ದು ಹಳೆಯ ಯಾವುದೋ ವರ್ಷದ ಜನವರಿ 1 ಎನ್ನುತ್ತದೆ. ತಾರೀಖು ತಪ್ಪಿದರೆ ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರ ಹೊಂದುವುದಿಲ್ಲ, ಉತಾರದ ಪುಟ ತೆರೆಯುವುದಿಲ್ಲ. ಎಲ್ಲ ಸರಿಯಿದ್ದೂ ಇಷ್ಟಗಲದ ಬಿಲ್ಲೆಯೊಂದು ಇಡೀ ಅಂಗಡಿಯನ್ನು ಕೂರಿಸಬಲ್ಲದು.

ರ‍್ಯಾಮಿನ ಪಟ್ಟಿಯನ್ನು ಕಿತ್ತು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿದ. ದೊಡ್ಡ ಊರಿನ ಸರ್ವಿಸ್ ಸೆಂಟರಿನವರು ಮೂಗು ಮುರಿದರೂ ಈ ಉಪಾಯಕ್ಕೆ ಸರಿಹೋಗುವ ಯಂತ್ರಗಳು ಬಹಳ. ಪರದೆ ಬರದೆ ಬರೀ ಬೀಪ್ ಬೀಪ್ ಎನ್ನುವ ಡಬ್ಬಿ ಎಷ್ಟೋ ಸಲ ಈ ಉಜ್ಜಿಗೆಯಿಂದಲೇ ಎದ್ದು ಕೂರುತ್ತದೆ. ಪ್ರೊಸೆಸರಿನ ನೆತ್ತಿಯ ಒಣಗಿದ ಪೇಸ್ಟ್ ಒರೆಸಿ, ಹೊಸದನ್ನು ಕಡಲೆಬೇಳೆಯಷ್ಟು ಹಚ್ಚಿ, ಫ್ಯಾನು ಕೂರಿಸಿದ. ಇಲ್ಲಿ ಭಾಗಗಳ ಹೆಸರು ಯಾರೂ ಪುಸ್ತಕದಿಂದ ಕಲಿತದ್ದಲ್ಲ. ಸಿಡಿಲು ಎಸ್‌ಎಂಪಿಎಸ್ಸಿನ ಹೆಸರು ಕಲಿಸಿತು, ಧೂಳು ರ‍್ಯಾಮಿನದು, ಸೆಕೆ ಫ್ಯಾನಿನದು, ತಪ್ಪಿದ ತಾರೀಖು ಬ್ಯಾಟರಿಯದು. ಕೆಟ್ಟ ಕ್ರಮದಲ್ಲೇ ಕಂಪ್ಯೂಟರು ಊರಿಗೆ ಪರಿಚಯವಾಗಿದೆ.

ಸಂಜೆಗೆ ಶೆಡ್ಡಿನಿಂದ ನೇರ ಬಂದ ರೈತನೊಬ್ಬ, ಜೊತೆಗೆ ಪಿಯುಸಿ ಓದುವ ಮಗಳು. ಮಣೂಕ ಮಾರಿದ ಮೇಲೆ ಅವಳಿಗೊಂದು ಕಂಪ್ಯೂಟರ್ ಕೊಡಿಸುವ ಮಾತಾಗಿದೆ.

“ಯಾವ್ದು ತರಬೇಕೋ ತಮ್ಮಾ? ವಿಜಯಪುರದಾಗ ಅಂಗಡಿಯಂವಾ ಬಣ್ಣದ ಲೈಟ್ ಹತ್ತೂದು ತೋರಸಿದ.”

“ಲೈಟಿಗೆ ರೊಕ್ಕ ಹಾಕಬ್ಯಾಡ್ರಿ ಕಾಕಾ. ತಂಗಿ, ನಾ ಹೇಳ್ತೀನಿ, ಬರ್ಕೋ.” ಹುಡುಗಿ ಹಾಳಾದ ಝರಾಕ್ಸ್ ಹಾಳೆಯ ಬೆನ್ನಿಗೆ ಬರೆದುಕೊಳ್ಳತೊಡಗಿದಳು. ಪ್ರೊಸೆಸರ್ ನಡುತರದ್ದು ಸಾಕು. ರ‍್ಯಾಮ್ 8 ಜಿಬಿಗೆ ಕಡಿಮೆ ಬೇಡ, ಮುಂದೆ ಇನ್ನೊಂದು ಪಟ್ಟಿ ಹಾಕಲು ಜಾಗ ಖಾಲಿ ಇರಲಿ. ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ. ಎಸ್‌ಎಂಪಿಎಸ್ ಹೆಸರಿದ್ದ ಕಂಪನಿಯದು, ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದಲ್ಲ. ಮಾನಿಟರ್ ದೊಡ್ಡದಿದ್ದಷ್ಟು ಕಣ್ಣಿಗೆ ಒಳ್ಳೆಯದು.

ಹುಡುಗಿ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಕೊನೆಗೆ ತಾನೇ ಸೇರಿಸಿದಳು: “ಆರನೇದು, ಯುಪಿಎಸ್.”

“ಆರನೇದಲ್ಲ ತಂಗಿ,” ಆಪರೇಟರ್ ಪೆನ್ನು ಇಸಿದುಕೊಂಡು ಹಾಳೆಯ ನೆತ್ತಿಯ ಮೇಲೆ ಜಾಗ ತೋರಿಸಿದ. “ಅದನ್ನ ಇಲ್ಲಿ ಬರಿ, ಎಲ್ಲಾದಕ್ಕಿಂತ ಮೊದಲ.”